ಸಿ ಪ್ರೋಗ್ರಾಂ ಅಡಿಕೆಯ ದರ್ಜೆ ಕೇಳುತ್ತದೆ, ಆದರೆ ಉತ್ತರ ಟೈಪ್ ಮಾಡಲು ಬಿಡುವುದಿಲ್ಲ

ಬೆಟ್ಟದಂಚು (ಶಿರಸಿ)

ಎಲ್ಲರಿಗೂ ನಮಸ್ಕಾರ. ನಾನು ಬಿಸಿಎ ಮೊದಲ ವರ್ಷದ ವಿದ್ಯಾರ್ಥಿ. ಮನೆಯ ಅಡಿಕೆ ಲೆಕ್ಕಕ್ಕೆ ಅನುಕೂಲವಾಗಲಿ ಎಂದು ಸಿ ಭಾಷೆಯಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಬರೆಯುತ್ತಿದ್ದೇನೆ. ಅದು ಮೊದಲು ಚೀಲದ ತೂಕ ಕೇಳುತ್ತದೆ, ಆಮೇಲೆ ದರ್ಜೆಯ ಅಕ್ಷರ ಕೇಳುತ್ತದೆ (ರಾಶಿಗೆ ಆರ್, ಚಾಲಿಗೆ ಸಿ, ಬೆಟ್ಟೆಗೆ ಬಿ). ನಂತರ ಕ್ವಿಂಟಲ್ ದರ ಕೇಳಿ, ಮೊತ್ತ ತೋರಿಸಿ, ಇನ್ನೊಂದು ಚೀಲ ಇದೆಯೇ ಎಂಬುದಕ್ಕೆ ವೈ ಅಥವಾ ಎನ್ ಎಂಬ ಉತ್ತರ ಪಡೆಯಬೇಕು.

ತೂಕವನ್ನು 62.5 ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ದರ್ಜೆಯ ಪ್ರಶ್ನೆ ಪರದೆಗೆ ಬರುತ್ತದೆ. ಆದರೆ ನಾನು ಅಕ್ಷರ ಒತ್ತುವ ಮೊದಲೇ ‘ತಪ್ಪು ದರ್ಜೆ’ ಎಂದು ತೋರಿಸಿ ದರದ ಪ್ರಶ್ನೆಗೆ ಹೋಗಿಬಿಡುತ್ತದೆ. ದರ 48500 ಎಂದು ಕೊಟ್ಟರೆ ಮೊತ್ತ 0.00 ಎಂದು ಬರುತ್ತದೆ. ಇನ್ನೊಂದು ಚೀಲದ ಪ್ರಶ್ನೆಯೂ ನನ್ನ ಉತ್ತರಕ್ಕೆ ಕಾಯದೆ ಮುಗಿದುಹೋಗುತ್ತದೆ. ಕಾಲೇಜಿನ ಲ್ಯಾಬಿನಲ್ಲಿ ಟರ್ಬೊ ಸಿ ಕಂಪೈಲರ್ ಇದೆ. ಅಲ್ಲಿ ಅಕ್ಷರ ಓದುವ ಮೊದಲು ‘ಎಫ್‌ಫ್ಲಶ್(ಎಸ್‌ಟಿಡಿಇನ್)’ ಎಂದು ಬರೆದರೆ ಪ್ರೋಗ್ರಾಂ ನಿಂತು ಕಾಯುತ್ತದೆ. ಮನೆಯ ಉಬುಂಟುವಿನಲ್ಲಿ ಆ ಸಾಲು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕೆಟ್ಟಿರುವುದು ಕೀಬೋರ್ಡೋ, ಜಿಸಿಸಿ ಕಂಪೈಲರೋ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಸೆಮಿಕೋಲನ್ (ಅಂಕೋಲಾ)

ಮೊದಲ ವರ್ಷದವರ ಪ್ರೋಗ್ರಾಮಿನಲ್ಲಿ ಕಂಪೈಲರಿನ ದೋಷ ಕಂಡವರನ್ನು ನಾನಂತೂ ಇದುವರೆಗೆ ಕಂಡಿಲ್ಲ.

ಉಪ್ಪುಗಾಳಿ (ಕಾರವಾರ)

ಕೀಬೋರ್ಡನ್ನು ಅಷ್ಟು ಬೇಗ ಬಿಟ್ಟುಕೊಡಬೇಡಿ. ನಾನು ಕಂಪ್ಯೂಟರ್ ರಿಪೇರಿ ಮಾಡುವವನು. ನಮ್ಮ ಕರಾವಳಿಯಲ್ಲಿ ಉಪ್ಪಿನ ತೇವ ಒಳಗೆ ಸೇರಿ ಎಂಟರ್ ಕೀಲಿ ಒಮ್ಮೆ ಒತ್ತಿದರೆ ಎರಡು ಸಲ ಒತ್ತಿದಂತಾಗುವುದು ಮಳೆಗಾಲದಲ್ಲಿ ಹೊಸದೇನಲ್ಲ. ಪರೀಕ್ಷೆ ಸುಲಭ. ಯಾವುದಾದರೂ ಟೆಕ್ಸ್ಟ್ ಎಡಿಟರ್ ತೆರೆದು ಎಂಟರನ್ನು ನಿಧಾನವಾಗಿ ಒತ್ತಿ ನೋಡಿ. ಒಂದು ಒತ್ತಿಗೆ ಒಂದೇ ಸಾಲು ಇಳಿದರೆ ಕೀಬೋರ್ಡ್ ಸರಿಯಿದೆ. ಬಲಗಡೆಯ ಅಂಕಿಗಳ ಗುಂಪನ್ನು ಬಳಸುವವರು ನಮ್‌ಲಾಕ್ ದೀಪವನ್ನೂ ನೋಡಿಕೊಳ್ಳಬೇಕು, ಏಕೆಂದರೆ ಅದು ಆರಿದ್ದರೆ ಅಂಕಿಯ ಬದಲು ಬಾಣದ ಕೀಲಿ ಒತ್ತಿದಂತಾಗಿ ಟರ್ಮಿನಲ್ಲಿನಲ್ಲಿ ವಿಚಿತ್ರ ಚಿಹ್ನೆಗಳು ಮೂಡುತ್ತವೆ.

ಕಾಳಿ ಸಂಗಮ (ಕಾರವಾರ)

ಉಪ್ಪುಗಾಳಿಯವರು ಹೇಳಿದ ಪರೀಕ್ಷೆ ಒಳ್ಳೆಯದು, ಆದರೆ ಈ ಲಕ್ಷಣ ನೋಡಿದರೆ ಕೀಬೋರ್ಡಿನ ತಪ್ಪಲ್ಲ. ಇನ್ನೂ ಖಚಿತವಾದ ಪರೀಕ್ಷೆಯೊಂದಿದೆ: ಉತ್ತರಗಳನ್ನೆಲ್ಲ ಒಂದೊಂದು ಸಾಲಿನಲ್ಲಿ ಫೈಲಿಗೆ ಬರೆದು, ಆ ಫೈಲನ್ನು ಪ್ರೋಗ್ರಾಮಿಗೆ ಇನ್‌ಪುಟ್ ಆಗಿ ಕೊಡಿ. ಆಗಲೂ ‘ತಪ್ಪು ದರ್ಜೆ’ ಎಂದೇ ಬಂದರೆ ಕೀಬೋರ್ಡಿನ ಮಾತೇ ಮುಗಿಯಿತು.

ನಡೆಯುತ್ತಿರುವುದು ಇಷ್ಟು. ನೀವು 62.5 ಎಂದು ಒತ್ತಿ ಎಂಟರ್ ಕೊಟ್ಟಾಗ ಪ್ರೋಗ್ರಾಮಿಗೆ ಹೋಗುವುದು ನಾಲ್ಕು ಅಕ್ಷರಗಳಲ್ಲ, ಐದು: ಆರು, ಎರಡು, ಚುಕ್ಕಿ, ಐದು, ಮತ್ತು ಎಂಟರಿನಿಂದ ಬಂದ ನ್ಯೂಲೈನ್. ಸಂಖ್ಯೆ ಓದುವ ಸ್ಕ್ಯಾನ್‌ಎಫ್ ಮೊದಲ ನಾಲ್ಕನ್ನು ಎತ್ತಿಕೊಂಡು, ಐದನೆಯದು ಸಂಖ್ಯೆಯ ಭಾಗವಲ್ಲವೆಂದು ಬಫರಿನಲ್ಲೇ, ಅಂದರೆ ಓದದ ಅಕ್ಷರಗಳು ಕಾಯುವ ಜಾಗದಲ್ಲೇ, ಬಿಡುತ್ತದೆ. ಮುಂದಿನ ಸ್ಕ್ಯಾನ್‌ಎಫ್ ‘%ಸಿ’ ಬಳಸಿ ಒಂದು ಅಕ್ಷರ ಕೇಳಿದಾಗ ಬಫರಿನಲ್ಲಿ ಆ ನ್ಯೂಲೈನ್ ಸಿದ್ಧವಾಗಿಯೇ ಇರುತ್ತದೆ; ಕೇಳಿದ್ದು ಸಿಕ್ಕ ಮೇಲೆ ನಿಮಗಾಗಿ ಕಾಯುವ ಕಾರಣವೇ ಇಲ್ಲ. ಪ್ರೋಗ್ರಾಂ ಪ್ರಶ್ನೆಯನ್ನು ಹಾರಿಸುತ್ತಿಲ್ಲ, ಹಿಂದಿನ ಸಾಲಿನ ಉಳಿಕೆಯನ್ನೇ ಉತ್ತರವೆಂದು ಓದುತ್ತಿದೆ.

ನಂಬಿಕೆ ಬಾರದಿದ್ದರೆ, ದರ್ಜೆಯ ಅಕ್ಷರ ಓದಿದ ತಕ್ಷಣ ಅದನ್ನು ‘%ಡಿ’ ಬಳಸಿ ಸಂಖ್ಯೆಯಾಗಿ ಪ್ರಿಂಟ್ ಮಾಡಿ ನೋಡಿ. ಏನು ಬಂತೆಂದು ಇಲ್ಲಿ ಬರೆಯಿರಿ.

ಬೆಟ್ಟದಂಚು (ಶಿರಸಿ)

ಎಡಿಟರಿನಲ್ಲಿ ಎಂಟರ್ ಸರಿಯಾಗಿಯೇ ಕೆಲಸ ಮಾಡುತ್ತಿದೆ. ಸಂಖ್ಯೆಯಾಗಿ ಪ್ರಿಂಟ್ ಮಾಡಿದಾಗ 10 ಎಂದು ಬಂತು.

ಕಾಳಿ ಸಂಗಮ (ಕಾರವಾರ)

ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯಲ್ಲಿ 10 ಎಂದರೆ ನ್ಯೂಲೈನ್. ಕಳ್ಳ ಸಿಕ್ಕನಲ್ಲ!

ಲ್ಯಾಬ್ ಮೇಷ್ಟ್ರು (ಕುಮಟಾ)

ಪರಿಹಾರ ಒಂದೇ ಒಂದು ಖಾಲಿ ಜಾಗ. ಸ್ಕ್ಯಾನ್‌ಎಫ್‌ನ ಉದ್ಧರಣ ಚಿಹ್ನೆಯ ಒಳಗೆ ‘%ಸಿ’ಗಿಂತ ಮೊದಲು ಒಂದು ಸ್ಪೇಸ್ ಬಿಡಿ. ಆ ಸ್ಪೇಸ್ ಇದ್ದರೆ ಸ್ಕ್ಯಾನ್‌ಎಫ್ ಎದುರಿಗೆ ಸಿಕ್ಕ ಖಾಲಿ ಜಾಗ, ಟ್ಯಾಬ್, ನ್ಯೂಲೈನ್‌ಗಳನ್ನೆಲ್ಲ ದಾಟಿ ನಿಜವಾದ ಅಕ್ಷರ ಸಿಗುವವರೆಗೆ ಕಾಯುತ್ತದೆ. ‘%ಡಿ’, ‘%ಎಫ್’, ‘%ಎಸ್’ಗಳು ಈ ಕೆಲಸವನ್ನು ತಾವಾಗಿಯೇ ಮಾಡಿಕೊಳ್ಳುತ್ತವೆ, ‘%ಸಿ’ ಮಾಡುವುದಿಲ್ಲ. ನಾನು ಇದನ್ನು ಪ್ರತಿ ಬ್ಯಾಚಿಗೂ ಮೊದಲ ಲ್ಯಾಬಿನಲ್ಲೇ ಹೇಳುತ್ತೇನೆ, ಮತ್ತು ಪ್ರತಿ ಬ್ಯಾಚೂ ಮೂರನೆಯ ಲ್ಯಾಬಿನಲ್ಲಿ ಇದೇ ಪ್ರಶ್ನೆ ಹೊತ್ತು ಬರುತ್ತದೆ.

ಆದರೆ ಆ ಸ್ಪೇಸನ್ನು ಕೊನೆಯಲ್ಲಿ ಹಾಕಬೇಡಿ. ‘%ಡಿ’ ಆದ ಮೇಲೆ ಸ್ಪೇಸನ್ನೋ ಬ್ಯಾಕ್‌ಸ್ಲ್ಯಾಶ್ ಎನ್ ಅನ್ನೋ ಬರೆದರೆ, ಸಂಖ್ಯೆ ಸಿಕ್ಕ ಮೇಲೂ ಸ್ಕ್ಯಾನ್‌ಎಫ್ ಖಾಲಿಯಲ್ಲದ ಇನ್ನೊಂದು ಅಕ್ಷರ ಕಾಣುವವರೆಗೆ ಮುಗಿಯುವುದೇ ಇಲ್ಲ. ‘ಸರ್, ಎರಡು ಸಲ ಟೈಪ್ ಮಾಡಿದರೆ ಮಾತ್ರ ಮುಂದೆ ಹೋಗುತ್ತದೆ’ ಎಂದು ದೂರುವವರ ಪ್ರೋಗ್ರಾಮಿನಲ್ಲಿ ನಾನು ಮೊದಲು ಹುಡುಕುವುದೇ ಅದನ್ನು.

ಹಳೆಯ ಟರ್ಬೊ (ಹೊನ್ನಾವರ)

ಎಫ್‌ಫ್ಲಶ್ ಹಾಕಿದರೆ ಸಾಕು ಎಂಬುದನ್ನು ಇಷ್ಟು ಸುತ್ತಿ ಬಳಸಿ ಹೇಳುವ ಅಗತ್ಯವೇನಿತ್ತು? ನಾವು ಕಲಿತಿದ್ದು ಹಾಗೆಯೇ, ಪರೀಕ್ಷೆಯಲ್ಲಿ ಬರೆದಿದ್ದು ಹಾಗೆಯೇ, ಅಂಕ ಬಂದಿದ್ದೂ ಹಾಗೆಯೇ.

ಕಾಳಿ ಸಂಗಮ (ಕಾರವಾರ)

ಅಂಕ ಬಂದಿರಬಹುದು, ಆದರೆ ಸಿ ಭಾಷೆಯ ಮಾನಕದಲ್ಲಿ ಎಫ್‌ಫ್ಲಶ್‌ಗೆ ಅರ್ಥವಿರುವುದು ಹೊರಹೋಗುವ ಪ್ರವಾಹಗಳ ವಿಷಯದಲ್ಲಿ ಮಾತ್ರ. ಇನ್‌ಪುಟ್ ಪ್ರವಾಹದ ಮೇಲೆ ಅದನ್ನು ಬಳಸಿದರೆ ಏನಾಗಬೇಕೆಂದು ಮಾನಕ ಹೇಳುವುದೇ ಇಲ್ಲ. ಟರ್ಬೊ ಸಿಯಲ್ಲಿ ಬಫರ್ ಖಾಲಿಯಾಗುತ್ತದೆ. ಮೈಕ್ರೋಸಾಫ್ಟಿನ ಕಂಪೈಲರಿನಲ್ಲಿಯೂ ಹಿಂದೆ ಹಾಗೆಯೇ ಇತ್ತು, ವಿಷುವಲ್ ಸ್ಟುಡಿಯೊ 2015ರಿಂದ ಅಲ್ಲಿಯೂ ಅದು ಏನನ್ನೂ ಮಾಡುವುದಿಲ್ಲ. ಲಿನಕ್ಸಿನ ಟರ್ಮಿನಲ್ಲಿನಲ್ಲಿ ಅದರಿಂದ ಉಪಯೋಗವಿಲ್ಲವೆಂಬುದನ್ನು ಶಿರಸಿಯ ತಮ್ಮನೇ ಕಂಡುಕೊಂಡಿದ್ದಾರೆ. ಒಂದು ಯಂತ್ರದಲ್ಲಿ ನಡೆದು ಇನ್ನೊಂದರಲ್ಲಿ ನಡೆಯದ ಸಾಲನ್ನು ಹೊಸಬರಿಗೆ ಕಲಿಸುವುದೇ ಈ ಗೊಂದಲಗಳ ಮೂಲ.

ಸೆಮಿಕೋಲನ್ (ಅಂಕೋಲಾ)

ಟರ್ಬೊ ಸಿ ಮೊದಲು ಬಂದದ್ದು 1987ರಲ್ಲಿ, ಸಿ ಭಾಷೆಗೆ ಅಮೆರಿಕದ ಮಾನಕ ಸಿದ್ಧವಾದದ್ದು 1989ರಲ್ಲಿ. ಮಾನಕಕ್ಕಿಂತ ಹಳೆಯದಾದ ಕಂಪೈಲರನ್ನು, ಹಳೆಯ ಡಾಸ್ ಪ್ರೋಗ್ರಾಮುಗಳನ್ನು ಓಡಿಸುವ ಡಾಸ್‌ಬಾಕ್ಸಿನೊಳಗೆ ಕೂರಿಸಿ ಈಗಲೂ ಪಾಠ ಮಾಡುತ್ತಿದ್ದೇವೆ.

ಲ್ಯಾಬ್ ಮೇಷ್ಟ್ರು (ಕುಮಟಾ)

ಲ್ಯಾಬುಗಳಲ್ಲಿ ಕೂರಿಸಿರುವುದು ಆ ಆವೃತ್ತಿಯನ್ನಲ್ಲ, ಅದಕ್ಕಿಂತ ನಂತರದ್ದನ್ನು. ಆದರೆ ನಿಮ್ಮ ದೂರನ್ನು ನಾನು ಅಲ್ಲಗಳೆಯುವುದಿಲ್ಲ, ಅದಕ್ಕೆ ಇನ್ನೊಂದನ್ನು ಸೇರಿಸುತ್ತೇನೆ. ಟರ್ಬೊ ಸಿಯಲ್ಲಿ ‘ಇಂಟ್’ (ಪೂರ್ಣಾಂಕ) ಎಂದರೆ 16 ಬಿಟ್, ಅದರ ಮಿತಿ 32767. ಅಡಿಕೆಯ ದರ 48500 ಎಂದು ಅಲ್ಲಿ ‘ಇಂಟ್’ ಚರಕ್ಕೆ ಓದಿಸಿದರೆ ಸಾಮಾನ್ಯವಾಗಿ -17036 ಎಂದು ಕಾಣಿಸಿಕೊಳ್ಳುತ್ತದೆ. ಹುಡುಗರು ಕೀಬೋರ್ಡನ್ನೇ ಬೈಯುತ್ತಾರೆ.

ಬೆಟ್ಟದಂಚು (ಶಿರಸಿ)

ಮೇಷ್ಟ್ರೇ, ಸ್ಪೇಸ್ ಹಾಕಿದ ಮೇಲೆ ದರ್ಜೆಯ ಪ್ರಶ್ನೆ ಕಾಯುತ್ತಿದೆ, ಬಹಳ ಧನ್ಯವಾದಗಳು. ಆದರೆ ಮೊತ್ತ ಇನ್ನೂ 0.00 ಎಂದೇ ಬರುತ್ತಿದೆ. ತೂಕದ ಚರ ‘ಫ್ಲೋಟ್’, ದರದ ಚರ ‘ಡಬಲ್’ (ಎರಡೂ ದಶಮಾಂಶ ಸಂಖ್ಯೆ ಹಿಡಿಯುವ ಬಗೆಗಳು). ಎರಡನ್ನೂ ‘%ಎಫ್’ ಬಳಸಿಯೇ ಓದುತ್ತಿದ್ದೇನೆ. ಪ್ರಿಂಟ್‌ಎಫ್‌ನಲ್ಲಿ ಎರಡಕ್ಕೂ ‘%ಎಫ್’ ನಡೆಯುತ್ತದೆಯಲ್ಲ?

ಸೆಮಿಕೋಲನ್ (ಅಂಕೋಲಾ)

ಪ್ರಿಂಟ್‌ಎಫ್‌ನಲ್ಲಿ ನಡೆಯುತ್ತದೆ, ಸ್ಕ್ಯಾನ್‌ಎಫ್‌ನಲ್ಲಿ ನಡೆಯುವುದಿಲ್ಲ. ಪ್ರಿಂಟ್‌ಎಫ್‌ಗೆ ಕಳಿಸುವಾಗ ಫ್ಲೋಟ್ ತಾನಾಗಿಯೇ ಡಬಲ್ ಆಗುತ್ತದೆ, ಹಾಗಾಗಿ ಅಲ್ಲಿ ವ್ಯತ್ಯಾಸವಿಲ್ಲ. ಸ್ಕ್ಯಾನ್‌ಎಫ್‌ಗೆ ನೀವು ಕಳಿಸುವುದು ವಿಳಾಸ. ‘%ಎಫ್’ ಎಂದರೆ ಅದು ಆ ವಿಳಾಸದಲ್ಲಿ ನಾಲ್ಕು ಬೈಟುಗಳ ಫ್ಲೋಟ್ ಇದೆಯೆಂದು ನಂಬಿ, ಎಂಟು ಬೈಟುಗಳ ಡಬಲ್‌ನ ಅರ್ಧಕ್ಕೆ ಮಾತ್ರ ಬರೆಯುತ್ತದೆ. ಡಬಲ್‌ಗೆ ‘%ಎಲ್‌ಎಫ್’ ಬರೆಯಿರಿ.

ಲ್ಯಾಬ್ ಮೇಷ್ಟ್ರು (ಕುಮಟಾ)

ಜಿಸಿಸಿಗೆ ‘-ವಾಲ್’ ಆಯ್ಕೆ ಕೊಟ್ಟು ಕಂಪೈಲ್ ಮಾಡಿದ್ದರೆ ಆ ಸಾಲಿಗೆ ಎಚ್ಚರಿಕೆ ತಾನಾಗಿಯೇ ಬರುತ್ತಿತ್ತು. ಚರದ ಹಿಂದೆ ‘&’ ಚಿಹ್ನೆ ಬಿಟ್ಟುಹೋದಾಗಲೂ ಅದೇ ಎಚ್ಚರಿಕೆ ಬರುತ್ತದೆ. ‘&’ ಇಲ್ಲದಿದ್ದರೆ ಸ್ಕ್ಯಾನ್‌ಎಫ್ ಚರದಲ್ಲಿರುವ ಬೆಲೆಯನ್ನೇ ವಿಳಾಸವೆಂದು ತಿಳಿದು ಅಲ್ಲಿ ಬರೆಯಲು ಹೋಗುತ್ತದೆ, ಅದರ ಫಲ ಸಾಮಾನ್ಯವಾಗಿ ಸೆಗ್ಮೆಂಟೇಶನ್ ಫಾಲ್ಟ್ ಎಂದು ಪ್ರೋಗ್ರಾಂ ಅರ್ಧಕ್ಕೇ ನಿಲ್ಲುವುದು. ಎಚ್ಚರಿಕೆಗಳನ್ನು ಓದದೆ ರನ್ ಮಾಡುವ ಅಭ್ಯಾಸ ಹೊಸಬರಿಗೆ ಎಲ್ಲಿಂದ ಬರುತ್ತದೋ ನನಗೆ ತಿಳಿಯದು.

ಮೊದಲ ಸೆಮಿಸ್ಟರ್ (ಭಟ್ಕಳ)

ನನ್ನದೂ ಇಂತಹದೇ ಸಮಸ್ಯೆ, ಆದ್ದರಿಂದ ಇಲ್ಲಿಯೇ ಕೇಳುತ್ತೇನೆ. ದಿನ, ತಿಂಗಳು, ವರ್ಷಗಳನ್ನು ಒಂದೊಂದಾಗಿ ಓದುವ ಪ್ರೋಗ್ರಾಂ ಬರೆದಿದ್ದೇನೆ. ತಿಂಗಳನ್ನು 07 ಎಂದು ಕೊಟ್ಟರೆ ಸರಿಯಿದೆ. 08 ಎಂದು ಕೊಟ್ಟರೆ ತಿಂಗಳು 0 ಎಂದು, ವರ್ಷ 8 ಎಂದು ಬರುತ್ತದೆ. 09ಕ್ಕೂ ಹಾಗೆಯೇ. 10 ಮತ್ತೆ ಸರಿ. ಜುಲೈವರೆಗೆ ಸರಿಯಿದ್ದ ಪ್ರೋಗ್ರಾಂ ಆಗಸ್ಟಿನಲ್ಲಿ ಕೆಡುವುದು ಹೇಗೆ?

ಕಾಳಿ ಸಂಗಮ (ಕಾರವಾರ)

‘%ಡಿ’ ಬದಲು ‘%ಐ’ ಬಳಸಿದ್ದೀರಿ, ಅಲ್ಲವೇ? ಪ್ರಿಂಟ್‌ಎಫ್‌ನಲ್ಲಿ ಎರಡೂ ಒಂದೇ, ಆದರೆ ಸ್ಕ್ಯಾನ್‌ಎಫ್‌ನಲ್ಲಿ ‘%ಐ’ ಎಂದರೆ ಸಂಖ್ಯೆಯ ಆರಂಭ ನೋಡಿ ಅದರ ಪದ್ಧತಿಯನ್ನು ನಿರ್ಧರಿಸು ಎಂದರ್ಥ. ಸೊನ್ನೆಯಿಂದ ಆರಂಭವಾದರೆ ಅದು ಅಷ್ಟಮಾನ ಪದ್ಧತಿಯೆಂದು ತಿಳಿಯುತ್ತದೆ. ಅಷ್ಟಮಾನದಲ್ಲಿ 0ಯಿಂದ 7ರವರೆಗಿನ ಅಂಕಿಗಳು ಮಾತ್ರ ಇರುವುದರಿಂದ 07 ಸರಿಹೋಗುತ್ತದೆ. 08ರಲ್ಲಿ ಸೊನ್ನೆಯನ್ನು ಮಾತ್ರ ಓದಿ, ಎಂಟನ್ನು ಬಫರಿನಲ್ಲಿ ಬಿಡುತ್ತದೆ, ಆ ಎಂಟೇ ಮುಂದೆ ನಿಮ್ಮ ವರ್ಷವಾಗುತ್ತದೆ. ‘%ಡಿ’ ಎಂದು ಬದಲಿಸಿ.

ಮೊದಲ ಸೆಮಿಸ್ಟರ್ (ಭಟ್ಕಳ)

ಹೌದು ಅಕ್ಕ, ‘%ಐ’ ಎಂದೇ ಇತ್ತು. ಬದಲಿಸಿದ ಮೇಲೆ ಡಿಸೆಂಬರ್‌ವರೆಗೂ ಸರಿಯಾಗಿ ಓದುತ್ತಿದೆ.

ಬೆಟ್ಟದಂಚು (ಶಿರಸಿ)

‘%ಎಲ್‌ಎಫ್’ ಹಾಕಿದ ಮೇಲೆ ಮೊತ್ತ 30312.50 ಎಂದು ಸರಿಯಾಗಿ ಬಂತು. ಸಂತೋಷದಿಂದ ಅಪ್ಪನ ಕೈಗೆ ಕೊಟ್ಟೆ. ಅವರು ದರವನ್ನು ಚೀಟಿಯಲ್ಲಿದ್ದಂತೆ ‘48,500’ ಎಂದು ಅಲ್ಪವಿರಾಮ ಸಮೇತ ಟೈಪ್ ಮಾಡಿದರು. ಮೊತ್ತ 30.00 ಎಂದು ಬಂತು, ಇನ್ನೊಂದು ಚೀಲದ ಪ್ರಶ್ನೆ ಕಾಣಿಸಿತು, ಉತ್ತರಕ್ಕೆ ಕಾಯದೆ ಪ್ರೋಗ್ರಾಂ ಮುಗಿದೇಹೋಯಿತು. ‘%ಸಿ’ ಹಿಂದೆ ಸ್ಪೇಸ್ ಇದ್ದರೂ ಹೀಗಾಗುತ್ತಿದೆ.

ಹಳೆಯ ಟರ್ಬೊ (ಹೊನ್ನಾವರ)

ಒಂದು ಚೀಲ ರಾಶಿ ಅಡಿಕೆಯನ್ನು 30 ರೂಪಾಯಿಗೆ ಕೊಡುವುದಾದರೆ ನಾಳೆಯೇ ಘಟ್ಟ ಹತ್ತಿ ಬರುತ್ತೇನೆ ಮಾರಾಯರೇ.

ಕಾಳಿ ಸಂಗಮ (ಕಾರವಾರ)

ಇದಕ್ಕಾಗಿಯೇ ಸ್ಪೇಸಿನ ಉಪಾಯವನ್ನು ನಾನು ಪೂರ್ಣ ಪರಿಹಾರವೆಂದು ಒಪ್ಪುವುದಿಲ್ಲ. ಅಪ್ಪ ಒತ್ತಿದ ಸಾಲಿನಲ್ಲಿ ಸ್ಕ್ಯಾನ್‌ಎಫ್ 48 ಎಂದು ಓದಿ ಅಲ್ಪವಿರಾಮದ ಎದುರು ನಿಂತಿತು. ಬಫರಿನಲ್ಲಿ ಅಲ್ಪವಿರಾಮ, ಐದು, ಸೊನ್ನೆ, ಸೊನ್ನೆ, ನ್ಯೂಲೈನ್ ಉಳಿದವು. ಸ್ಪೇಸ್ ದಾಟಿಸುವುದು ಖಾಲಿ ಅಕ್ಷರಗಳನ್ನು ಮಾತ್ರ, ಅಲ್ಪವಿರಾಮ ಖಾಲಿಯಲ್ಲ. ಹಾಗಾಗಿ ‘ಇನ್ನೊಂದು ಚೀಲ ಇದೆಯೇ’ ಎಂಬುದಕ್ಕೆ ಉತ್ತರವಾಗಿ ಹೋದದ್ದು ಅಲ್ಪವಿರಾಮ. ಅದು ವೈ ಅಲ್ಲವಾದ್ದರಿಂದ ಪ್ರೋಗ್ರಾಂ ಮುಗಿಯಿತು.

ಮನುಷ್ಯರು ಕೀಬೋರ್ಡಿನ ಮುಂದೆ ಸಾಲು ಸಾಲಾಗಿ ಉತ್ತರಿಸುತ್ತಾರೆ; ಸ್ಕ್ಯಾನ್‌ಎಫ್ ಸಾಲನ್ನು ನೋಡುವುದಿಲ್ಲ, ಅಕ್ಷರಗಳ ಸಾಲುಗಟ್ಟಿದ ಪ್ರವಾಹವನ್ನು ಮಾತ್ರ ನೋಡುತ್ತದೆ. ಆದ್ದರಿಂದ ಮೊದಲು ಎಫ್‌ಗೆಟ್ಸ್ ಬಳಸಿ ಇಡೀ ಸಾಲನ್ನು ಒಂದು ಅಕ್ಷರ ಸರಣಿಗೆ ಓದಿಕೊಳ್ಳಿ, ಆಮೇಲೆ ಆ ಸರಣಿಯಿಂದ ಬೇಕಾದದ್ದನ್ನು ಬಿಡಿಸಿಕೊಳ್ಳಿ. ದರದ ಸಾಲಿನಲ್ಲಿ ಅಲ್ಪವಿರಾಮಗಳನ್ನು ಬಿಟ್ಟು ಉಳಿದ ಅಕ್ಷರಗಳನ್ನು ಒತ್ತಟ್ಟಿಗೆ ತಂದು, ಅಕ್ಷರಗಳನ್ನು ಸಂಖ್ಯೆಯಾಗಿಸುವ ಸ್ಟ್ರ್‌ಟಾಡ್‌ಗೆ ಕೊಡಿ. ಅದು ಸಂಖ್ಯೆಯನ್ನು ಕೊಡುವುದಲ್ಲದೆ ಎಲ್ಲಿಯವರೆಗೆ ಓದಿತೆಂದು ತೋರಿಸುವ ಪಾಯಿಂಟರನ್ನೂ (ವಿಳಾಸವನ್ನೂ) ಕೊಡುತ್ತದೆ. ಆ ಪಾಯಿಂಟರ್ ಸಾಲಿನ ಆರಂಭದಲ್ಲೇ ಇದ್ದರೆ ಸಂಖ್ಯೆಯೇ ಸಿಗಲಿಲ್ಲ ಎಂದರ್ಥ. ನ್ಯೂಲೈನಿಗಿಂತ ಮೊದಲೇ ನಿಂತಿದ್ದರೆ ಸಾಲಿನಲ್ಲಿ ಬೇಡದ್ದೇನೋ ಇದೆ. ಎರಡೂ ಸಂದರ್ಭಗಳಲ್ಲಿ ಪ್ರಶ್ನೆಯನ್ನು ಮತ್ತೆ ಕೇಳಿ.

ಲ್ಯಾಬ್ ಮೇಷ್ಟ್ರು (ಕುಮಟಾ)

ಮೂರನೆಯ ಲ್ಯಾಬಿನಲ್ಲಿ ಪಾಯಿಂಟರಿನ ಪಾಯಿಂಟರ್ ಕಳಿಸಿ ಎಂದರೆ ತರಗತಿಯ ಅರ್ಧದಷ್ಟು ಮಂದಿ ಸಿ ಭಾಷೆಗೇ ಕೈಮುಗಿಯುತ್ತಾರೆ ಮೇಡಂ. ಅವರಿಗೆ ಅರೇ (ಸರಣಿ) ಎಂದರೇನು ಎಂಬುದೇ ಇನ್ನೂ ಗೊತ್ತಿರುವುದಿಲ್ಲ. ಸ್ಕ್ಯಾನ್‌ಎಫ್ ಹಿಂದಿರುಗಿಸುವ ಬೆಲೆಯನ್ನು ಪರೀಕ್ಷಿಸುವುದನ್ನು ಮೊದಲು ಕಲಿಯಲಿ. ಎಷ್ಟು ಚರಗಳಿಗೆ ಬೆಲೆ ಸಿಕ್ಕಿತೆಂದು ಅದು ಹೇಳುತ್ತದೆ. ಒಂದು ಸಂಖ್ಯೆ ಕೇಳಿದಾಗ 1 ಬಾರದಿದ್ದರೆ, ನ್ಯೂಲೈನ್ ಸಿಗುವವರೆಗೆ ಗೆಟ್‌ಚಾರ್ ಬಳಸಿ ಅಕ್ಷರಗಳನ್ನು ಎಸೆದು ಮತ್ತೆ ಕೇಳಬೇಕು. ಹಾಗೆ ಎಸೆಯದಿದ್ದರೆ, ಸಂಖ್ಯೆಯ ಜಾಗದಲ್ಲಿ ಯಾರಾದರೂ ಅಕ್ಷರ ಒತ್ತಿದಾಗ ಅದೇ ಅಕ್ಷರ ಬಫರಿನಲ್ಲಿ ಉಳಿದು, ಲೂಪ್ ಅದನ್ನೇ ಮತ್ತೆ ಮತ್ತೆ ಎದುರಿಸಿ ಪರದೆಯ ತುಂಬ ಪ್ರಶ್ನೆಗಳು ಓಡತೊಡಗುತ್ತವೆ.

ಕಾಳಿ ಸಂಗಮ (ಕಾರವಾರ)

ಆ ಪರೀಕ್ಷೆ ಅಗತ್ಯ, ಒಪ್ಪುತ್ತೇನೆ, ಆದರೆ ಅಪ್ಪನ ಅಲ್ಪವಿರಾಮದ ಪ್ರಕರಣದಲ್ಲಿ ಸ್ಕ್ಯಾನ್‌ಎಫ್ 1 ಎಂದೇ ಹಿಂದಿರುಗಿಸುತ್ತದೆ, ಏಕೆಂದರೆ 48 ಒಂದು ಸರಿಯಾದ ಸಂಖ್ಯೆ. ನಿಮ್ಮ ಪರೀಕ್ಷೆ ದಾಟಿಯೇ 30 ರೂಪಾಯಿಯ ಬಿಲ್ಲು ಹೊರಬರುತ್ತದೆ.

ಲ್ಯಾಬ್ ಮೇಷ್ಟ್ರು (ಕುಮಟಾ)

ಅದು ಸರಿ. ಹಾಗಾದರೆ ಮೊದಲ ಸೆಮಿಸ್ಟರಿಗೆ ಸ್ಕ್ಯಾನ್‌ಎಫ್, ಸ್ಟ್ರಿಂಗ್ ಪಾಠ ಮುಗಿದ ಮೇಲೆ ಎಫ್‌ಗೆಟ್ಸ್ ಎಂಬುದಕ್ಕೆ ಮಾತ್ರ ನಾನು ಒಪ್ಪುತ್ತೇನೆ, ಅದಕ್ಕಿಂತ ಮೊದಲು ಇಲ್ಲ.

ದಾಂಡೇಲಿ ಬೋರ್ಡು (ದಾಂಡೇಲಿ)

ಗೆಟ್‌ಚಾರ್ ವಿಷಯ ಬಂತು ಎಂದು ಹೇಳುತ್ತೇನೆ. ನ್ಯೂಲೈನಿಗಾಗಿ ಮಾತ್ರ ಕಾಯುವ ಲೂಪ್ ಅಪಾಯಕಾರಿ. ಇನ್‌ಪುಟ್ ಮುಗಿದಿದ್ದರೆ ನ್ಯೂಲೈನ್ ಎಂದೂ ಬರುವುದಿಲ್ಲ, ಲೂಪ್ ನಿಲ್ಲುವುದಿಲ್ಲ. ಇನ್‌ಪುಟ್ ಮುಗಿಯಿತೆಂದು ಹೇಳುವ ಇಒಎಫ್ ಸಂಕೇತವನ್ನೂ ಪರೀಕ್ಷಿಸಬೇಕು. ಮತ್ತು ಗೆಟ್‌ಚಾರ್ ಕೊಡುವುದನ್ನು ‘ಚಾರ್’ ಚರದಲ್ಲಿ ಅಲ್ಲ, ‘ಇಂಟ್’ ಚರದಲ್ಲಿ ಇಡಬೇಕು. ಇಒಎಫ್ ಋಣ ಸಂಖ್ಯೆ. ಲಿನಕ್ಸ್ ಓಡುವ ಆರ್ಮ್ ಬೋರ್ಡುಗಳಲ್ಲಿ ‘ಚಾರ್’ ಋಣ ಸಂಖ್ಯೆಯನ್ನು ಹಿಡಿಯುವುದಿಲ್ಲವಾದ್ದರಿಂದ ಹೋಲಿಕೆ ಎಂದೂ ನಿಜವಾಗುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ಮುಗಿದ ಪ್ರೋಗ್ರಾಂ ಅಂತಹ ಬೋರ್ಡಾದ ರಾಸ್ಪ್‌ಬೆರಿ ಪೈನಲ್ಲಿ ಮುಗಿಯದೆ ಓಡುತ್ತಿದ್ದರೆ ಮೊದಲು ಇದನ್ನು ನೋಡಿ.

ಮೊದಲ ಸೆಮಿಸ್ಟರ್ (ಭಟ್ಕಳ)

ಕೀಬೋರ್ಡಿನಿಂದ ಇಒಎಫ್ ಕೊಡುವುದು ಹೇಗೆ?

ದಾಂಡೇಲಿ ಬೋರ್ಡು (ದಾಂಡೇಲಿ)

ಲಿನಕ್ಸಿನಲ್ಲಿ ಸಾಲಿನ ಆರಂಭದಲ್ಲಿ ಕಂಟ್ರೋಲ್ ಮತ್ತು ಡಿ, ವಿಂಡೋಸಿನಲ್ಲಿ ಕಂಟ್ರೋಲ್ ಮತ್ತು ಝಡ್ ಒತ್ತಿ ಎಂಟರ್.

ಹಳೆಯ ಟರ್ಬೊ (ಹೊನ್ನಾವರ)

ಇಡೀ ಸಾಲು ಓದಲು ಗೆಟ್ಸ್ ಎಂಬ ಸುಲಭದ ಫಂಕ್ಷನ್ ಇರುವಾಗ ಎಫ್‌ಗೆಟ್ಸ್ ಏಕೆ ಬೇಕು?

ಕಾಳಿ ಸಂಗಮ (ಕಾರವಾರ)

ಗೆಟ್ಸ್‌ಗೆ ನಿಮ್ಮ ಅರೇ ಎಷ್ಟು ದೊಡ್ಡದೆಂದು ತಿಳಿಸುವ ದಾರಿಯೇ ಇಲ್ಲ. ಸಾಲು ಉದ್ದವಾದರೆ ಅದು ಅರೇಯ ಆಚೆಗೂ ಬರೆಯುತ್ತಲೇ ಹೋಗುತ್ತದೆ. 1988ರ ನವೆಂಬರಿನಲ್ಲಿ ಇಂಟರ್ನೆಟ್ಟಿನಲ್ಲಿ ಹರಡಿದ ಮಾರಿಸ್ ವರ್ಮ್ ಎಂಬ ತಾನಾಗಿ ಹರಡುವ ಪ್ರೋಗ್ರಾಂ, ಫಿಂಗರ್ ಸೇವೆಯ ಪ್ರೋಗ್ರಾಮಿನಲ್ಲಿದ್ದ ಗೆಟ್ಸ್ ಕರೆಯನ್ನೇ ಒಂದು ದಾರಿಯಾಗಿ ಬಳಸಿಕೊಂಡಿತ್ತು. 2011ರ ಮಾನಕದಲ್ಲಿ ಆ ಫಂಕ್ಷನನ್ನೇ ತೆಗೆದುಹಾಕಿದರು. ಅರೇಯ ಅಳತೆ ಹೇಳದ ಬರಿಯ ‘%ಎಸ್’ ಕೂಡ ಅಷ್ಟೇ ಅಪಾಯಕಾರಿ. 20ರ ಅರೇಗೆ ‘%19ಎಸ್’ ಎಂದು ಬರೆಯಬೇಕು, ಕೊನೆಯ ಜಾಗ ಸರಣಿಯ ಅಂತ್ಯ ಸೂಚಿಸುವ ಶೂನ್ಯ ಅಕ್ಷರಕ್ಕೆ.

ಬೆಟ್ಟದಂಚು (ಶಿರಸಿ)

ಅಕ್ಕ ಹೇಳಿದಂತೆ ಎಲ್ಲ ಪ್ರಶ್ನೆಗಳನ್ನೂ ಎಫ್‌ಗೆಟ್ಸ್‌ಗೆ ಬದಲಿಸಿದೆ. ‘48,500’ ಎಂದರೂ, ‘48500’ ಎಂದರೂ ಈಗ ಒಂದೇ ಮೊತ್ತ ಬರುತ್ತಿದೆ. ಪಾಯಿಂಟರಿನ ಭಾಗವನ್ನು ಅಣ್ಣನ ಪುಸ್ತಕ ನೋಡಿ ಬರೆದೆ. ಎರಡು ಸಂದೇಹಗಳಿವೆ. ಒಂದು, ಊರಿನ ಹೆಸರನ್ನೂ ಓದಿ ಪ್ರಿಂಟ್ ಮಾಡಿದರೆ ಅದರ ನಂತರ ಒಂದು ಹೆಚ್ಚುವರಿ ಸಾಲು ಬೀಳುತ್ತದೆ. ಇನ್ನೊಂದು, ಹೆಸರಿಗೆ 10ರ ಅರೇ ಇಟ್ಟಿದ್ದೇನೆ. ‘ಶಿರಸಿ’ ಎಂದು ಕನ್ನಡದಲ್ಲಿ ಟೈಪ್ ಮಾಡಿದರೆ ‘ಶಿರ’ ಮಾತ್ರ ಉಳಿದು, ಬಾಕಿ ಅಕ್ಷರಗಳು ತೂಕದ ಪ್ರಶ್ನೆಗೆ ಹೋಗಿ ‘ತಪ್ಪು ಸಂಖ್ಯೆ’ ಎಂದು ಬರುತ್ತದೆ.

ಕಾಳಿ ಸಂಗಮ (ಕಾರವಾರ)

ಎಫ್‌ಗೆಟ್ಸ್ ನ್ಯೂಲೈನನ್ನೂ ಸರಣಿಯೊಳಗೇ ಇಡುತ್ತದೆ, ಹೆಚ್ಚುವರಿ ಸಾಲು ಅದರಿಂದಲೇ. ಹೆಸರು ಓದಿದ ಮೇಲೆ ಸರಣಿಯಲ್ಲಿ ನ್ಯೂಲೈನ್ ಹುಡುಕಿ ಅದರ ಜಾಗದಲ್ಲಿ ಶೂನ್ಯ ಅಕ್ಷರ ಇಡಿ.

ಎರಡನೆಯದಕ್ಕೆ ಕಾರಣ, ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟುಗಳು ಬೇಕು. ‘ಶಿರಸಿ’ಯಲ್ಲಿ ಕಣ್ಣಿಗೆ ಮೂರು ಅಕ್ಷರಗಳು ಕಂಡರೂ ಗುಣಿತ ಚಿಹ್ನೆಗಳನ್ನು ಸೇರಿಸಿ ಐದು ಸಂಕೇತಗಳಿವೆ, ಅಂದರೆ 15 ಬೈಟುಗಳು. ‘ಕಾರವಾರ’ಕ್ಕೆ 18, ‘ಹೊನ್ನಾವರ’ಕ್ಕೆ 24. ನ್ಯೂಲೈನಿಗೂ ಶೂನ್ಯಕ್ಕೂ ಇನ್ನೆರಡು ಸೇರಿಸಿಕೊಳ್ಳಿ. 10ರ ಅರೇಯಲ್ಲಿ ಒಂಬತ್ತು ಬೈಟುಗಳು, ಅಂದರೆ ಮೂರು ಸಂಕೇತಗಳು ಮಾತ್ರ ಹಿಡಿದು, ಉಳಿದದ್ದು ಮುಂದಿನ ಓದಿಗೆ ಹೋಗುತ್ತದೆ. ಹೆಸರಿಗೆ ಧಾರಾಳವಾಗಿ 200 ಇಡಿ, ಜಾಗಕ್ಕೇನೂ ಬರವಿಲ್ಲ.

ಸೆಮಿಕೋಲನ್ (ಅಂಕೋಲಾ)

ನೀವು ಪರೀಕ್ಷೆಗೆ ಉತ್ತರಗಳ ಫೈಲನ್ನು ವಿಂಡೋಸಿನಲ್ಲಿ ಬರೆದು ಲಿನಕ್ಸಿಗೆ ತಂದರೆ, ಪ್ರತಿ ಸಾಲಿನ ಕೊನೆಯಲ್ಲಿ 10ರ (ನ್ಯೂಲೈನ್) ಹಿಂದೆ 13 (ಕ್ಯಾರೇಜ್ ರಿಟರ್ನ್) ಕೂಡ ಇರುತ್ತದೆ. ಹೆಸರಿನ ಬಾಲದಲ್ಲಿ ಅದು ಕಣ್ಣಿಗೆ ಕಾಣದೆ ಕೂತಿರುತ್ತದೆ, ಹೋಲಿಸಿದಾಗ ಮಾತ್ರ ಎರಡು ಹೆಸರುಗಳು ಬೇರೆ ಬೇರೆ ಎನ್ನುತ್ತದೆ. ಅದನ್ನೂ ಕತ್ತರಿಸಿ.

ಹಳೆಯ ಟರ್ಬೊ (ಹೊನ್ನಾವರ)

ಎಲ್ಲ ಒಪ್ಪಿದೆ. ಆದರೆ ಎಂಟರ್ ಇಲ್ಲದೆಯೇ ಒಂದು ಕೀಲಿ ಓದುವ ನಮ್ಮ ಗೆಟ್‌ಚ್‌ಗೆ ಸಮನಾದದ್ದು ಲಿನಕ್ಸಿನಲ್ಲಿ ಏನಿದೆ? ವೈ ಒತ್ತಿದ ಮೇಲೆ ಎಂಟರ್ ಒತ್ತಬೇಕಾದ ಕಷ್ಟವಾದರೂ ತಪ್ಪಬೇಕಲ್ಲ.

ಕಾಳಿ ಸಂಗಮ (ಕಾರವಾರ)

ಗೆಟ್‌ಚ್ ಇರುವುದು ಕೊನಿಯೋ ಹೆಡರಿನಲ್ಲಿ, ಅದು ಸಿ ಮಾನಕದ ಭಾಗವಲ್ಲ, ಜಿಸಿಸಿಯ ಜೊತೆ ಲಿನಕ್ಸಿನಲ್ಲಿ ಬರುವುದೂ ಇಲ್ಲ. ಎಂಟರ್‌ವರೆಗೆ ಸಾಲನ್ನು ತಡೆದಿಡುವುದು ಸಿ ಭಾಷೆಯಲ್ಲ, ಟರ್ಮಿನಲ್. ಬ್ಯಾಕ್‌ಸ್ಪೇಸಿನಿಂದ ತಿದ್ದಲು ಅವಕಾಶ ಸಿಗುವುದು ಅದರಿಂದಲೇ. ಬೇಡವೆಂದರೆ ಟರ್ಮಿಯೋಸ್ ಹೆಡರಿನ ಮೂಲಕ ಆ ಸ್ಥಿತಿಯನ್ನು ಆರಿಸಬಹುದು, ಅಥವಾ ಎನ್‌ಕರ್ಸಸ್ ಗ್ರಂಥಾಲಯ ಬಳಸಬಹುದು. ಆದರೆ ಪ್ರೋಗ್ರಾಂ ಮುಗಿಯುವಾಗ ಹಳೆಯ ಸ್ಥಿತಿಗೆ ಮರಳಿಸಬೇಕು.

ಹಳೆಯ ಟರ್ಬೊ (ಹೊನ್ನಾವರ)

ಮರಳಿಸುವ ಮೊದಲೇ ಪ್ರೋಗ್ರಾಂ ಸತ್ತುಹೋದರೆ?

ದಾಂಡೇಲಿ ಬೋರ್ಡು (ದಾಂಡೇಲಿ)

ಟೈಪ್ ಮಾಡಿದ್ದು ಪರದೆಯಲ್ಲಿ ಕಾಣದೆಯೂ ಇರಬಹುದು. ಗಾಬರಿಯಾಗದೆ ‘ಎಸ್‌ಟಿಟಿವೈ ಸೇನ್’ ಎಂಬ ಆದೇಶವನ್ನು ಕುರುಡಾಗಿಯೇ ಟೈಪ್ ಮಾಡಿ ಎಂಟರ್ ಒತ್ತಿ, ಟರ್ಮಿನಲ್ ಮೊದಲಿನಂತಾಗುತ್ತದೆ.